ಸಿರ್ಸಿ ಬದಿಯ ಹಳೇಮನೆ ಮ್ಯೂಸಿಯಂ: ಮನೆಯ ಹಿರಿಯರನ್ನು ಕರಕೊಂಡೇ ಹೋಗಿ

ಕುಮಟಾ–ಸಿರ್ಸಿ ಬಸ್ಸಿನಲ್ಲಿ ನಾನು 14 ವರ್ಷದಿಂದ ಕಂಡಕ್ಟರ್. ಘಟ್ಟ ಹತ್ತಿ ಸ್ವಲ್ಪ ದೂರ ಹೋದ ಮೇಲೆ ಎಡಕ್ಕೊಂದು ಮಣ್ಣುರಸ್ತೆ ಒಡೆಯುತ್ತದೆ. ಆ ಸ್ಟಾಪಿನಲ್ಲಿ ಅದೆಷ್ಟು ಸಲ ಸೀಟಿ ಊದಿ ಜನರನ್ನು ಇಳಿಸಿದ್ದೇನೋ ಲೆಕ್ಕವಿಲ್ಲ. ಕ್ಯಾಮರಾ ಹಾಕಿಕೊಂಡ ಬೆಂಗಳೂರಿನವರು, ಶಾಲೆ ಮಕ್ಕಳು, ಒಮ್ಮೊಮ್ಮೆ ಕಾಲೇಜಿನ ಮಾಸ್ತರರು ಅಲ್ಲಿ ಇಳಿಯುತ್ತಿದ್ದರು. "ಎಂತ ಉಂಟು ಅಲ್ಲಿ?" ಅಂತ ಕೇಳಿದರೆ "ಹಳೇ ಸಾಮಾನು ಇಟ್ಟಿದ್ದಾರಂತೆ" ಅನ್ನುವ ಉತ್ತರ. ನಾನೇ ಇಳಿದದ್ದು ಈ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಶನಿವಾರ. ಜೊತೆಗೆ ಅವ್ವಿ (ನನ್ನ ತಾಯಿ), ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು, ಆರನೇ ಕ್ಲಾಸಿನ ಮಗ.

ಮೊದಲೇ ಒಂದು ಮಾತು. ಮನೆಯ ಹೆಸರು, ಫೋನ್ ನಂಬರು ಇಲ್ಲಿ ಹಾಕುತ್ತಿಲ್ಲ. ಯಜಮಾನರೇ ಬೇಡ ಅಂದರು. ಅದು ಅವರು ಈಗಲೂ ಉಂಡು ಮಲಗುವ ಮನೆ. ದಿನಕ್ಕೆ ಎರಡು ಕುಟುಂಬಕ್ಕಿಂತ ಹೆಚ್ಚು ಬಂದರೆ ಅವರಿಗೂ ಕಷ್ಟ, ಬಂದವರಿಗೂ ಏನೂ ಸಿಗುವುದಿಲ್ಲ. ಸಿರ್ಸಿ ಬದಿಯ ತೋಟದವರನ್ನು ಯಾರನ್ನೇ ಕೇಳಿದರೂ ದಾರಿ ಹೇಳುತ್ತಾರೆ. ದೊಡ್ಡವರಿಗೆ 100 ರೂಪಾಯಿ, ಮಕ್ಕಳಿಗೆ 50, ಊಟ ಬೇಕಾದರೆ ತಲೆಗೆ 200, ಅದನ್ನು ಎರಡು ದಿನ ಮೊದಲೇ ಹೇಳಬೇಕು. ನಮಗೆ ಸ್ಟಾಪಿನಿಂದ ಮನೆವರೆಗೆ ಓಮ್ನಿ ಕಳಿಸಿದ್ದರು, ಅದಕ್ಕೆ ಬೇರೆ 150. ಅವ್ವಿಗೆ 76 ವರ್ಷ, ಮಂಡಿನೋವು. ಇಲ್ಲದಿದ್ದರೆ ನಡೆದೇ ಹೋಗಬಹುದಾದ ದಾರಿ, ಇಕ್ಕೆಲದಲ್ಲೂ ಬೆಟ್ಟ, ತಂಪು.

ಅವ್ವಿಯನ್ನು ಕರೆದುಕೊಂಡು ಹೋಗುವ ಯೋಚನೆ ನನಗೆ ಇರಲಿಲ್ಲ. "ನೀ ಮನೇಲಿ ಆರಾಮಿರು" ಅಂತಲೇ ಹೇಳಿದ್ದೆ. ಅವಳು ಬೆಳಿಗ್ಗೆ ಐದಕ್ಕೇ ಎದ್ದು ಮಿಂದು ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಅವಳು ಬಂದದ್ದರಿಂದಲೇ ಈ ಬರಹ ಬರೆಯುವ ಹಾಗಾಯಿತು.

ಕುಮಟೆಯಿಂದ ಏಳೂವರೆ ಬಸ್ಸು. ಹೆಂಗಸರು ಮೂವರಿಗೂ ಶಕ್ತಿ ಟಿಕೆಟ್, ನನಗೆ ಪಾಸು, ಹಣ ಕೊಟ್ಟದ್ದು ಮಗನಿಗೆ ಮಾತ್ರ. ಕತಗಾಲ ದಾಟಿ ಘಟ್ಟ ಏರಲು ಶುರುವಾದ ಕೂಡಲೇ ಅವ್ವಿ ಕಿಟಕಿ ಪೂರ್ತಿ ತೆಗೆಸಿದಳು. ದೇವಿಮನೆಯಲ್ಲಿ ಡ್ರೈವರ್ ಗಾಡಿ ನಿಲ್ಲಿಸಿದಾಗ ಕೈಮುಗಿದು ಹತ್ತು ರೂಪಾಯಿ ಹಾಕಿಸಿದಳು. ಈ ರಸ್ತೆಯ ಕಥೆಯನ್ನು ಮಗಳಿಗೆ ನಾನೇ ಹೇಳಿದೆ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಇದೇ ಘಟ್ಟ ಇಳಿದು ಕುಮಟೆ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಬೆಳೆದದ್ದು ನಮ್ಮಲ್ಲಿ ಅಲ್ಲದಿದ್ದರೂ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಅಂತಲೇ ಹೆಸರು. ಆಮೇಲೆ ಆ ಕಡೆ ರೈಲು ಬಂತು, ಹತ್ತಿಗಾಡಿ ನಿಂತಿತು. ಘಟ್ಟ ಇಳಿಯುವ ಗಾಡಿ ಬರಿದೇ ಹಿಂತಿರುಗುತ್ತಿರಲಿಲ್ಲ, ಉಪ್ಪು ಹೇರಿಕೊಂಡು ಹೋಗುತ್ತಿತ್ತು. ಈ ಉಪ್ಪಿನ ಮಾತು ಮಧ್ಯಾಹ್ನ ಇನ್ನೊಂದು ರೀತಿಯಲ್ಲಿ ನಮ್ಮ ಎದುರಿಗೆ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಮನೆ ದೊಡ್ಡದು. ಹೆಂಚಿನ ಮಾಡು, ಎದುರಿಗೆ ಸಗಣಿ ಸಾರಿಸಿದ ಅಂಗಳ, ಅಂಗಳದ ತುಂಬ ಚಾಲಿ ಅಡಿಕೆ ಒಣಗುತ್ತಿತ್ತು. ಯಜಮಾನರಿಗೆ ಅರವತ್ತರ ಹತ್ತಿರ ಇರಬಹುದು. ಒಳಗೆ ಕಾಲಿಡುವ ಮುಂಚೆಯೇ "ಆಸ್ರಿಗೆ ಎಂತ ಬೇಕು?" ಅಂದರು. ಬೆಲ್ಲದ ತುಂಡು, ನೀರು, ಆಮೇಲೆ ಪುನರ್ಪುಳಿ ಪಾನಕ. ಮ್ಯೂಸಿಯಂ ಅಂದರೆ ಟಿಕೆಟ್ ಕಿಟಕಿ ಅಂದುಕೊಂಡಿದ್ದ ಮಗ ನನ್ನ ಮುಖ ನೋಡಿದ. ಟಿಕೆಟ್ಟೂ ಇಲ್ಲ, ರಸೀದಿಯೂ ಇಲ್ಲ, ಹೋಗುವಾಗ ಲೆಕ್ಕ ಮಾಡಿ ಕೊಟ್ಟರಾಯಿತು.

ಮೊದಲಿನ ಕೋಣೆಯಲ್ಲಿ ಅಳತೆಯ ಸಾಮಾನು. ಪಾವು, ಸೇರು, ಸಿದ್ದೆ, ಕೊಳಗ. ಮರದ್ದು, ಬಿದಿರಿನದ್ದು, ಹಿತ್ತಾಳೆ ಪಟ್ಟಿ ಬಡಿದದ್ದು. ಅವ್ವಿ ಒಂದು ಕೊಳಗ ಎತ್ತಿ ಒಳಗೆ ಕೈಹಾಕಿ ನೋಡಿ, "ಇದು ನಮ್ಮ ಬದಿಯದ್ದಲ್ಲ, ನಮ್ಮ ಕೊಳಗ ಬೇರೆ" ಅಂದಳು. ಯಜಮಾನರು ಒಪ್ಪಿದರು. ಊರಿಗೊಂದು ಕೊಳಗ ಇತ್ತು, ಗೇಣಿ ಅಳೆಯುವಾಗ ಯಾರ ಕೊಳಗ ಅನ್ನುವುದರ ಮೇಲೇ ಜಗಳ ಆಗುತ್ತಿತ್ತು ಅಂದರು. ಪಕ್ಕದ ಮರಿಗೆಯಲ್ಲಿ ಹಳೇ ನಾಣ್ಯ ಹಾಕಿಟ್ಟಿದ್ದರು, ಕೈಯಲ್ಲಿ ಹಿಡಿಯಬಹುದು. ನನ್ನ ಕಸುಬೇ ಚಿಲ್ಲರೆಯದ್ದು, ನಾನು ಅಲ್ಲೇ ಕೂತುಬಿಟ್ಟೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. 1957ರ ಏಪ್ರಿಲ್ 1ರಿಂದ ನೂರು ನಯಾ ಪೈಸೆಯ ಲೆಕ್ಕ ಬಂತು. ಆಗ ಅವ್ವಿಗೆ ಎಂಟು ವರ್ಷ. ಆಣೆ ಕೊಟ್ಟರೆ ಅಂಗಡಿಯವನು ಆರು ಪೈಸೆ ಅಂತ ಲೆಕ್ಕ ಹಿಡಿಯುತ್ತಿದ್ದ, ಉಳಿದ ಕಾಲು ಪೈಸೆ ಎಲ್ಲಿ ಹೋಯಿತು ಅಂತ ಅವಳ ಅಪ್ಪ ದಿನಾ ಸಿಟ್ಟಾಗುತ್ತಿದ್ದರಂತೆ. ಈ ಕಥೆ ನಾನೂ ಕೇಳಿರಲಿಲ್ಲ. ನಾಣ್ಯ ಕೈಗೆ ಬಂದ ಮೇಲೆ ಅವಳ ಬಾಯಿಗೆ ಬಂತು.

ಆಮೇಲೆ ಅಡಿಕೆಯ ಕೋಣೆ. ಇದು ಇಡೀ ಮನೆಯಲ್ಲಿ ಅತ್ಯಂತ ಚೆನ್ನಾಗಿ ಇಟ್ಟಿರುವ ಕೋಣೆ, ಯಾಕೆಂದರೆ ಯಜಮಾನರಿಗೆ ತಾವು ಮಾಡಿದ ಕೆಲಸ ಇದು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕೂತು ನಾಲ್ಕು ಹಸಿ ಅಡಿಕೆ ಸುಲಿದು ತೋರಿಸಿದರು. ಕಾಯಿ ಬೇಯಿಸುವ ತಾಮ್ರದ ಹಂಡೆ, ಚೊಗರಿನ ಕಲೆ ಇನ್ನೂ ಅದರ ಅಂಚಿನಲ್ಲಿತ್ತು. ಕೊನೆಗೌಡ ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ತಳೆ, ಕೊನೆ ಇಳಿಬಿಡುವ ಹಗ್ಗ. ನನಗೆ ಹೊಸದಾಗಿ ಗೊತ್ತಾದದ್ದು ಕೊಟ್ಟೆಯ ವಿಷಯ. ಔಷಧಿ ಬರುವ ಮೊದಲು ಮಳೆಗಾಲದಲ್ಲಿ ಕೊಳೆ ಬರದ ಹಾಗೆ ಪ್ರತಿ ಕೊನೆಗೂ ಒಂದೊಂದು ಕೊಟ್ಟೆ ಕಟ್ಟುತ್ತಿದ್ದರು, ಮಗುವಿಗೆ ಕುಲಾವಿ ಕಟ್ಟಿದ ಹಾಗೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಈಗಲೂ ಮಳೆಗಾಲದಲ್ಲಿ ನಮ್ಮ ಬಸ್ಸಿಗೆ ಹತ್ತುವ ಗೌಡರ ಅಂಗಿಯ ಮೇಲೆ ಕಾಣುವ ನೀಲಿ ಕಲೆ ಅದೇ. ಕೊಟ್ಟೆ ಕಟ್ಟುವ ಕೈಗಳು ಈಗ ಹೆಚ್ಚು ಉಳಿದಿಲ್ಲ. ಗೋಡೆಗೆ ಒಂದೇ ಒಂದು ಕೊಟ್ಟೆ ನೇತುಹಾಕಿದ್ದರು, ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಅದೊಂದನ್ನು ಮಾತ್ರ ಮುಟ್ಟಬೇಡಿ ಅಂದರು.

ಸೊಪ್ಪು ಹೊರುವ ಹಗ್ಗದ ಕಲ್ಲಿ ಇತ್ತು. ಅದನ್ನು ಮಗನ ಬೆನ್ನಿಗೆ ಹಾಕಿ, ಒಣ ದರಕು ತುಂಬಿ, ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿದರು. ಅವನಿಗೆ ಕುತ್ತಿಗೆ ಎತ್ತಲು ಆಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ 1 ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಹಚ್ಚಿಕೊಟ್ಟ ಕ್ರಮ ಇದೆ. ಈ ಲೆಕ್ಕ ಪುಸ್ತಕದಲ್ಲಿ ಓದಿದರೆ ಒಂದು ಸಾಲು. ಒಂಬತ್ತು ಎಕರೆಯ ಸೊಪ್ಪು ಯಾರದೋ ಬೆನ್ನಿನ ಮೇಲೆ ಇಳಿದು ಬಂದದ್ದು ಅನ್ನುವುದು ಕಲ್ಲಿ ಹೊತ್ತಾಗ ಗೊತ್ತಾಗುತ್ತದೆ. ಮಗ ರಾತ್ರಿ ಮಲಗುವವರೆಗೂ ಅದನ್ನೇ ಹೇಳುತ್ತಿದ್ದ.

ಇನ್ನು ನನ್ನ ಮುಖ್ಯ ತಕರಾರು. ಸಾಮಾನು ಚೆನ್ನಾಗಿದೆ, ಚೀಟಿ ಚೆನ್ನಾಗಿಲ್ಲ. ಅಡಿಕೆ ಕೋಣೆ ದಾಟಿದ ಮೇಲೆ ಪ್ರತಿ ವಸ್ತುವಿನ ಕೆಳಗೂ ಕಂಪ್ಯೂಟರಿನಲ್ಲಿ ಅಚ್ಚು ಮಾಡಿ ಪ್ಲಾಸ್ಟಿಕ್ ಹೊದಿಸಿದ ಚೀಟಿ. 'ಪುರಾತನ ಪಾತ್ರೆ', 'ಗ್ರಾಮೀಣ ಬುಟ್ಟಿ', 'ಕೃಷಿ ಉಪಕರಣ'. ಇಂಥ ಚೀಟಿ ಓದಿ ಯಾರಿಗೆ ಏನು ಗೊತ್ತಾಗಬೇಕು? ಪಾತ್ರೆ ಅನ್ನುವುದು ನೋಡಿದ ಮಗುವಿಗೂ ಕಾಣುತ್ತದೆ. ಅದಕ್ಕೆ ಊರಿನಲ್ಲಿ ಏನು ಹೆಸರು, ಅದರಲ್ಲಿ ಏನು ಇಡುತ್ತಿದ್ದರು, ಯಾರು ಮಾಡುತ್ತಿದ್ದರು, ಯಾರು ಹಿಡಿಯುತ್ತಿದ್ದರು, ಅಷ್ಟು ಬೇಕು.

ಉಗ್ರಾಣದ ಗೋಡೆಗೆ ಒಂದು ಗೊರಬು ಒರಗಿಸಿಟ್ಟಿದ್ದರು. ಅದರ ಚೀಟಿಯಲ್ಲಿ 'ಗ್ರಾಮೀಣ ಛತ್ರಿ' ಅಂತ ಇತ್ತು. ಮಗಳು ಗಟ್ಟಿಯಾಗಿ ಓದಿದಳು. ಅವ್ವಿ ಹಿಂದೆ ಬರುತ್ತಿದ್ದವಳು ಅಲ್ಲೇ ನಿಂತಳು.

"ಛತ್ರಿ ಅಲ್ಲ ತಂಗಿ ಅದು. ಛತ್ರಿ ಹಿಡ್ಕಂಡ್ರೆ ಒಂದು ಕೈ ಹೋಯ್ತು. ನಟ್ಟಿ ಮಾಡೂಕೆ ಎರಡು ಕೈ ಬೇಕು."

ಎಂದವಳೇ ಅದನ್ನು ಎತ್ತಿ ತಲೆಯ ಮೇಲೆ ಹಾಕಿಕೊಂಡಳು. ನಾನು ಹಿಡಿಯಲು ಹೋದೆ, ಬೇಡ ಅಂದಳು. ಬಿದಿರಿನ ಸೀಳುಗಳ ಎರಡು ಹೆಣಿಗೆ, ನಡುವೆ ಒಣ ಎಲೆ ಒತ್ತಿ ತುಂಬಿದ್ದು. ತಲೆಯ ಮೇಲೆ ಚೂಪಾಗಿ ಮಡಿಚಿ, ಬೆನ್ನಿನುದ್ದಕ್ಕೂ ಆಮೆಯ ಚಿಪ್ಪಿನ ಹಾಗೆ ಇಳಿದು ಸೊಂಟದ ಕೆಳಗೆ ಮುಗಿಯುತ್ತದೆ. ನೆಟ್ಟಗೆ ನಿಂತವಳ ಮೇಲೆ ಅದು ಏನೋ ತೊಡಕಿನ ಸಾಮಾನಿನ ಹಾಗೆ ಕಂಡಿತು. ಅವ್ವಿ ಸೆರಗು ಸಿಕ್ಕಿಸಿ ಬಗ್ಗಿದಳು. ಬಗ್ಗಿದ ಕೂಡಲೇ ಗೊರಬು ಬೆನ್ನಿಗೆ ಸರಿಯಾಗಿ ಕೂತಿತು. ಕುತ್ತಿಗೆಯಿಂದ ಸೊಂಟದವರೆಗೆ ಒಂದು ಹನಿ ಬೀಳಲು ಜಾಗವಿಲ್ಲ. ಎರಡೂ ಕೈ ಖಾಲಿ. ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದ ಹಾಗೆ ಮಾಡಿ, ಬಲಗೈಯ ಮೂರು ಬೆರಳಿನಿಂದ ಉಗ್ರಾಣದ ನೆಲಕ್ಕೆ ಒಂದೊಂದೇ ಬುಡ ಊರುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಳು. ಐದು ಹೆಜ್ಜೆ. ಮಂಡಿನೋವಿನವಳು. ಹಾಡಿನ ಒಂದು ಎಳೆಯೂ ಬಂತು, ಅರ್ಧಕ್ಕೆ ನಿಲ್ಲಿಸಿದಳು.

ಬಗ್ಗದೆ ಇದ್ದರೆ ಆ ವಸ್ತುವಿಗೆ ಅರ್ಥವೇ ಇಲ್ಲ. ಅದು ಗೋಡೆಗೆ ಒರಗಿಸಿಡುವ ವಸ್ತುವೇ ಅಲ್ಲ. ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಪೆನ್ನು, ಬಿಳಿ ರಟ್ಟು ತಂದರು. "ಅಮ್ಮಾ, ನೀವು ಹೇಳಿ, ನಾನು ಬರಿತೇನೆ" ಅಂದರು. ಅವ್ವಿ ಹೇಳಿದಳು: ಗೊರಬು. ಮಳೆಗಾಲದಲ್ಲಿ ನಟ್ಟಿ ಮಾಡುವ ಹೆಂಗಸರು ಹಾಕುವುದು. ಗಂಡಸರಿಗೆ ಕಂಬಳಿ ಕೊಪ್ಪೆ. ಅಷ್ಟನ್ನೇ ಬರೆದು ಹಳೇ ಚೀಟಿ ತೆಗೆದು ಅಲ್ಲೇ ಅಂಟಿಸಿದರು. ನನ್ನ ಕಣ್ಣೆದುರೇ ಅಂಟಿಸಿದರು ಅನ್ನುವುದಕ್ಕಾಗಿಯೇ ಈ ಜಾಗಕ್ಕೆ ನಾನು ಐದು ನಕ್ಷತ್ರ ಕೊಡುವುದು. ತಪ್ಪು ಹೇಳಿದರೆ ಕೇಳಿಸಿಕೊಳ್ಳುವ ಮ್ಯೂಸಿಯಂ ಎಷ್ಟಿವೆ?

ಅಲ್ಲಿಂದ ಮುಂದೆ ಅವ್ವಿಯೇ ಮುಂದೆ, ನಾವು ಹಿಂದೆ. ಹಿತ್ತಲಿನಲ್ಲಿ ಸಿಮೆಂಟಿನ ಎರಡು ಗೊಂಬೆ ನಿಲ್ಲಿಸಿದ್ದಾರೆ, ಒನಕೆಯಲ್ಲಿ ಬತ್ತ ಕುಟ್ಟುವ ಹೆಂಗಸರು. ಬಣ್ಣ ಚೆನ್ನಾಗಿದೆ, ನಿಂತ ರೀತಿ ಸರಿಯಿಲ್ಲ. ಇಬ್ಬರ ಒನಕೆಯೂ ಒಟ್ಟಿಗೇ ಮೇಲಕ್ಕೆ ಎದ್ದಿದೆ. ಒಂದು ಒರಳಿಗೆ ಇಬ್ಬರು ಕುಟ್ಟುವಾಗ ಒಬ್ಬಳದ್ದು ಮೇಲೆ ಹೋದಾಗ ಇನ್ನೊಬ್ಬಳದ್ದು ಕೆಳಗಿರಬೇಕು, ಇಲ್ಲದಿದ್ದರೆ ಎರಡೂ ಬಡಿದುಕೊಳ್ಳುತ್ತವೆ. ಇದನ್ನೂ ಅವ್ವಿಯೇ ಹೇಳಿದಳು. ಸಿಮೆಂಟನ್ನು ಬಗ್ಗಿಸಲು ಆಗುವುದಿಲ್ಲವಲ್ಲ, ಯಜಮಾನರು ತಲೆ ಕೆರೆದುಕೊಂಡರು. ನಿಜವಾದ ಒನಕೆ, ಒರಳು ಪಕ್ಕದಲ್ಲೇ ಇದ್ದವು. ನನ್ನ ಹೆಂಡತಿ, ಮಗಳು ಇಬ್ಬರೂ ಸೇರಿ ಒಂದು ಸೇರು ಬತ್ತ ಕುಟ್ಟಲು ನೋಡಿದರು. ಹತ್ತು ಪೆಟ್ಟಿಗೆ ಮಗಳ ಅಂಗೈ ಕೆಂಪಾಯಿತು.

ಮಗಳಿಗೆ ಹಿಡಿಸಿದ್ದು ಬೇರೆ. ಪಡಸಾಲೆಯ ಒಂದು ಗೂಡಿನಲ್ಲಿ ಭೂಮಣ್ಣಿ ಬುಟ್ಟಿ ಇದೆ. ಸಿರ್ಸಿ, ಸಿದ್ದಾಪುರ, ಸಾಗರದ ಬದಿಯ ದೀವರು ಭೂಮಿ ಹುಣ್ಣಿಮೆಗೆ ಬಳಸುವುದು. ಗದ್ದೆಯಲ್ಲಿ ಪೈರು ತುಂಬಿ ನಿಂತಿರುವ ಹೊತ್ತು, ಭೂಮಿ ಬಸುರಿ ಅನ್ನುವ ಭಾವನೆ. ಬಸುರಿಗೆ ಬಯಕೆಯ ಊಟ ಬಡಿಸಬೇಕಲ್ಲ, ಅದನ್ನು ಬೆಳಗಿನ ಜಾವ ಈ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗುತ್ತಾರೆ. ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಕುಂಚವೂ ಅಂಗಡಿಯದ್ದಲ್ಲ, ಪುಂಡಿ ನಾರನ್ನು ಜಜ್ಜಿ ಮಾಡಿದ್ದು. ಒಂದೊಂದು ಗೆರೆಯೂ ಎಳೆ ದಾರದಷ್ಟು ಸಪೂರ, ಬುಟ್ಟಿಯ ಉಬ್ಬುತಗ್ಗಿನ ಮೇಲೂ ಎಲ್ಲಿಯೂ ಅಲುಗಿಲ್ಲ. ಮಗಳು ಮೂಗು ತಾಗುವಷ್ಟು ಹತ್ತಿರ ಕೂತು ಅರ್ಧ ಗಂಟೆ ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದಳು. ಇಲ್ಲಿಯ ಚೀಟಿಯೂ 'ಅಲಂಕಾರಿಕ ಬುಟ್ಟಿ' ಅಂತಲೇ ಇತ್ತು. ಬರೆದ ಕೈ ಹತ್ತಿರದ ಕೇರಿಯ ಒಬ್ಬ ಅಜ್ಜಿಯದ್ದು, ಇನ್ನೂ ಇದ್ದಾರೆ ಅಂತ ಯಜಮಾನರು ಬಾಯಲ್ಲಿ ಹೇಳಿದರು. ಆ ಅಜ್ಜಿಯ ಹೆಸರನ್ನು ಅವರ ಒಪ್ಪಿಗೆ ಕೇಳಿ ಅಲ್ಲಿ ಬರೆಯಬೇಕು. ನಾನು ಹೇಳಿ ಬಂದಿದ್ದೇನೆ.

ಊಟಕ್ಕೆ ಮೊದಲು ಯಜಮಾನರು ಕಪಾಟಿನಿಂದ ಒಂದು ಕಡತ ತೆಗೆದರು. ಅವರ ಅಜ್ಜನ ಲೆಕ್ಕದ ಪುಸ್ತಕ, 1930ರ ಆಚೀಚೆಯದ್ದು. ಕೆಂಪು ಬಟ್ಟೆಯ ರಟ್ಟು, ಉದ್ದಕ್ಕೆ ಮಡಿಸುವ ಹಾಳೆ, ಬಲಗಡೆ ಮೂರು ಗೆರೆ: ರೂಪಾಯಿ, ಆಣೆ, ಪೈ. ಅಡಿಕೆ ಮಾರಿದ ಲೆಕ್ಕದಲ್ಲಿ ಒಂದು ಕಡೆ ಸೊಸೈಟಿ ಅಂತ ಬರುತ್ತದೆ. ಸಿರ್ಸಿಯ ತೋಟಗಾರರ ಸೇಲ್ ಸೊಸೈಟಿ, ನಾವು ಟಿಎಸ್‌ಎಸ್ ಅನ್ನುವುದು, 1923ರಲ್ಲಿ ಶುರುವಾದದ್ದು. ಅದಕ್ಕಿಂತ ಹಿಂದಿನ ಪುಟಗಳಲ್ಲಿ ಸಾಹುಕಾರರ ಹೆಸರು, ಬಡ್ಡಿ, ಬಾಕಿ, ಮತ್ತೆ ಬಡ್ಡಿ. ಪುಟ ಮಗುಚಿದ ಹಾಗೆ ಬಡ್ಡಿಯ ಸಾಲು ಕಡಿಮೆಯಾಗುತ್ತಾ ಬರುವುದನ್ನು ಬೆರಳಿಟ್ಟು ತೋರಿಸಿದರು. ನನಗೆ ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಸ್ತು ಈ ಪುಸ್ತಕವೇ ಅನ್ನಿಸಿತು.

ಅದರಲ್ಲೇ ಒಂದು ಸಾಲು: 'ಕುಮಟೆ ಉಪ್ಪು, ಗಾಡಿ ಬಾಡಿಗೆ ಸಹ'. ನಾನು ಅವ್ವಿಗೆ ಓದಿ ಹೇಳಿದೆ. ಕುಮಟೆ ಉಪ್ಪು ಅಂದರೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪೇ ಇರಬೇಕು. ನಮ್ಮವರು ಬಿಸಿಲಲ್ಲಿ ಹಲಗೆ ಎಳೆದು ಒಟ್ಟಿದ ಉಪ್ಪು ಇವರ ಮಿಡಿ ಉಪ್ಪಿನಕಾಯಿಯ ಭರಣಿಗೆ ಬಿದ್ದಿದೆ. ಅದೇ ಕಾಲ, 1930ರ ಏಪ್ರಿಲ್‌ನಲ್ಲಿ, ಅಂಕೋಲೆಯ ಸಮುದ್ರದಂಡೆಯಲ್ಲಿ ಸಾವಿರಾರು ಜನ ಸೇರಿ ಉಪ್ಪಿನ ಕಾಯ್ದೆ ಮುರಿದದ್ದು. ಮಗಳಿಗೆ ಅದು ಪಾಠದಲ್ಲಿ ಬಂದಿದೆ. "ಇವರ ಅಜ್ಜ ಉಪ್ಪಿಗೆ ಕೊಟ್ಟ ದುಡ್ಡಿನಲ್ಲಿ ಸರಕಾರದ ತೆರಿಗೆಯೂ ಇತ್ತಾ ಅಪ್ಪ?" ಅಂತ ಕೇಳಿದಳು. ಇತ್ತು. ಪಾಠ ಹಾಗೂ ಪುಸ್ತಕದ ಸಾಲು ಅವಳ ತಲೆಯಲ್ಲಿ ಒಂದಾದ ಹೊತ್ತು ಅದು. ಅದನ್ನು ನೋಡಿದ್ದಕ್ಕೆ ನನ್ನ ಒಂದು ದಿನದ ರಜೆ ಸಾರ್ಥಕ.

ಊಟ ಬಾಳೆಲೆಯಲ್ಲಿ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಸೌತೆಕಾಯಿ ಹುಳಿ, ಬಾಳೆಕಾಯಿ ಪಲ್ಯ, ಹಲಸಿನ ಹಪ್ಪಳ, ಮಜ್ಜಿಗೆ. ಅಪ್ಪೆಹುಳಿಯನ್ನು ನಾನು ಮೂರು ಸಲ ಲೋಟದಲ್ಲಿ ಹಾಕಿಸಿಕೊಂಡು ಕುಡಿದೆ. ಅವ್ವಿಗೆ ಮೀನಿಲ್ಲದೆ ಊಟ ಸೇರುವುದಿಲ್ಲ ಅಂತ ನನಗೆ ಹೆದರಿಕೆ ಇತ್ತು, ಅವಳು ಅಪ್ಪೆಮಿಡಿಯ ಉಪ್ಪಿನಕಾಯಿ ಹಚ್ಚಿಕೊಂಡು ಎಲೆಯಲ್ಲಿ ಏನೂ ಬಿಡದೆ ಉಂಡಳು. ಆಲೆಮನೆಯ ಹಂಗಾಮು ಆದ್ದರಿಂದ ಮಧ್ಯಾಹ್ನದ ಮೇಲೆ ತೊಡೆದೇವು ಮಾಡಿ ತೋರಿಸಿದರು, ಅದಕ್ಕೆ ಬೇರೆ ದುಡ್ಡಿಲ್ಲ. ಮನೆಯ ಅಮ್ಮ ಬೆಂಕಿಯ ಮೇಲೆ ಗಡಿಗೆಯನ್ನು ಬೋರಲು ಹಾಕಿ ಕೂತರು. ಕಬ್ಬಿನ ಹಾಲು ಕೂಡಿಸಿದ ತೆಳು ಅಕ್ಕಿ ಹಿಟ್ಟು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಗಡಿಗೆಯ ಬೆನ್ನಿಗೆ ಒಮ್ಮೆ ಎಳೆದರೆ ಆಯಿತು, ಕಾಗದಕ್ಕಿಂತ ತೆಳುವಾದ ಹಾಳೆ ಏಳುತ್ತದೆ. ಬಿಸಿ ಇದ್ದಾಗಲೇ ಮಡಿಸಬೇಕು, ಎರಡು ಉಸಿರು ತಡವಾದರೆ ಮುರಿಯುತ್ತದೆ. ನನ್ನ ಹೆಂಡತಿ ಆರು ಸಲ ಎಳೆದಳು, ನಾಲ್ಕು ಹರಿಯಿತು, ಎರಡು ಬಂತು. ಆ ಎರಡನ್ನು ಡಬ್ಬಿಯಲ್ಲಿ ಹಾಕಿ ಮನೆಗೆ ತಂದಳು.

ಮಗ ಈ ಹೊತ್ತಿಗೆ ಜಗಲಿಯಲ್ಲಿ ಚೆನ್ನೆಮಣೆಯ ಮುಂದೆ ಕೂತಿದ್ದ. ಏಳು ಏಳು ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಹುಣಸೆಬೀಜ. ಎದುರಿಗೆ ಆ ಮನೆಯ ಮೊಮ್ಮಗಳು. ಮೂರು ಆಟ ಸೋತ, ನಾಲ್ಕನೆಯದು ಗೆದ್ದ. ಕುಮಟೆಗೆ ಬಂದ ಮೇಲೆ ಬಡಗಿಯ ಹತ್ತಿರ ಮಾಡಿಸಿ ಕೊಡಿ ಅಂತ ಹಟ ಹಿಡಿದಿದ್ದಾನೆ, ಹಲಸಿನ ಹಲಗೆ ಹೇಳಿಟ್ಟಿದ್ದೇನೆ.

ಕಡಿಮೆಯಾದದ್ದೂ ಹೇಳಬೇಕು. ಅಟ್ಟಕ್ಕೆ ಹೋಗುವ ಏಣಿಮೆಟ್ಟಿಲಿಗೆ ಹಿಡಿಕೆ ಇಲ್ಲ, ಕತ್ತಲೆ ಬೇರೆ. ಅವ್ವಿಯನ್ನು ಹತ್ತಿಸಲಿಲ್ಲ. ಮೇಲೆ ಕಣಜ, ಕಂದೀಲು, ಚಿಮಣಿ ಬುಡ್ಡಿ, ಮುಡಿ ಕಟ್ಟುವ ಹುಲ್ಲಿನ ಹಗ್ಗ ಇವೆ. ಅವಳು ನೋಡಿದ್ದರೆ ಅದಕ್ಕೂ ನಾಲ್ಕು ಮಾತು ಸಿಗುತ್ತಿತ್ತು. ಒಂದು ಹಗ್ಗ ಕಟ್ಟಿದರೂ ಸಾಕು. ಪಾಯಖಾನೆ ಒಂದೇ, ಹಿತ್ತಲಿನ ಆಚೆ, ವಯಸ್ಸಾದವರಿಗೆ ದೂರ. ಎಲ್ಲಕ್ಕಿಂತ ಮುಖ್ಯ, ಕೆಲಸ ಮಾಡಿದವರ ಮಾತು ಇನ್ನೂ ಬರಬೇಕು. ಮನೆಯ ಹಿರಿಯರ ಫೋಟೋ ಗೋಡೆಯ ತುಂಬ ಇದೆ. ಕೊನೆಗೌಡರದ್ದು, ಸೊಪ್ಪು ಹೊತ್ತವರದ್ದು, ಗಡಿಗೆ ಮಾಡಿದವರದ್ದು ಒಂದೂ ಇಲ್ಲ. ಫೋಟೋ ಇಲ್ಲದಿದ್ದರೆ ಲೆಕ್ಕದ ಪುಸ್ತಕದಲ್ಲಿ ಹೆಸರು ಇದೆಯಲ್ಲ, ಕೂಲಿ ಕೊಟ್ಟ ಸಾಲಿನಲ್ಲಿ. ಅದನ್ನೇ ದೊಡ್ಡದಾಗಿ ಬರೆದು ಹಾಕಬಹುದು. ಯಜಮಾನರು ಇದಕ್ಕೆ ಕೂಡಲೇ ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಪುಸ್ತಕವನ್ನು ಮಗುಚುತ್ತಾ ಕೂತರು.

ಮಕ್ಕಳನ್ನು ನಾನು ಬೇರೆ ಕಡೆಗೂ ಕರೆದುಕೊಂಡು ಹೋಗಿದ್ದೇನೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೇ ಯುದ್ಧಹಡಗು ಚಪಲ್ ಇದೆ, ಮಗನಿಗೆ ಅದು ಪ್ರಾಣ. ರಾಮನಗರದಲ್ಲಿ ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ಮಗಳು ಶಾಲೆಯ ಟ್ರಿಪ್ಪಿನಲ್ಲಿ ನೋಡಿದ್ದಾಳೆ. ಅವು ದೊಡ್ಡ ಜಾಗಗಳು, ನೋಡಲೇಬೇಕು. ಆದರೆ ಅಲ್ಲಿ ನಮ್ಮ ಅವ್ವಿಯ ಹತ್ತಿರ ಯಾರೂ ಪೆನ್ನು ಹಿಡಿದು ಬರುವುದಿಲ್ಲ.

ಹೋಗುವುದಾದರೆ ಡಿಸೆಂಬರಿನಿಂದ ಮಾರ್ಚಿಯೊಳಗೆ ಹೋಗಿ, ಅಡಿಕೆಯೂ ನಡೆಯುತ್ತಿರುತ್ತದೆ, ಆಲೆಮನೆಯೂ ಸಿಗುತ್ತದೆ. ಮಳೆಗಾಲದಲ್ಲಿ ಆ ಮಣ್ಣುರಸ್ತೆಗೆ ಗಾಡಿ ಹೋಗುವುದಿಲ್ಲ, ಉಂಬಳವೂ (ಜಿಗಣೆ) ಜಾಸ್ತಿ. ಬೆಳಿಗ್ಗೆ ಹೋಗಿ ಸಂಜೆಯವರೆಗೆ ಇರಿ, ಒಂದು ಗಂಟೆಯಲ್ಲಿ ಮುಗಿಸುವವರು ಹೋಗುವುದೇ ಬೇಡ. ಮನೆಯಲ್ಲಿ 70 ದಾಟಿದವರು ಇದ್ದರೆ ಅವರಿಗೆ ಓಮ್ನಿಯ ಮುಂದಿನ ಸೀಟು ಹೇಳಿಡಿ.

ಹೊರಡುವಾಗ ಯಜಮಾನರು ಅವ್ವಿಯ ಎದುರಿಗೆ ಕೂತು, "ನಿಮ್ಮ ಗಜನಿ ಬದಿಯ ಸಾಮಾನು ನಮ್ಮಲ್ಲಿ ಒಂದೂ ಇಲ್ಲ" ಅಂದರು. ಅವ್ವಿಯ ತವರು ಅಘನಾಶಿನಿಯ ದಂಡೆ. ಆ ಹೊಳೆ ಹುಟ್ಟುವುದು ಇದೇ ಸಿರ್ಸಿಯಲ್ಲಿ, ಶಂಕರಹೊಂಡದ ಹತ್ತಿರ. ಸಮುದ್ರ ಸೇರುವುದು ನಮ್ಮಲ್ಲಿ. ನಡುವೆ ಎಲ್ಲಿಯೂ ಅಣೆಕಟ್ಟಿಲ್ಲ. ಇಲ್ಲಿಯ ತೋಟ ತೊಳೆದು ಬಂದ ನೀರೇ ಅಲ್ಲಿ ಉಪ್ಪುನೀರಿನ ಜೊತೆ ಕೂಡಿ ಗಜನಿ ಗದ್ದೆಗೆ ಏರುತ್ತದೆ. ಅಲ್ಲಿ ಬೆಳೆಯುವುದು ಕಗ್ಗ, ಉಪ್ಪು ತಡೆಯುವ ಬತ್ತ. ಮೊಳಕೆ ಬರಿಸಿದ ಬೀಜ ಚೆಲ್ಲಿದರೆ ಮುಗಿಯಿತು, ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಯುವುದು ನೀರಿನಲ್ಲಿ ನಿಂತು, ತೆನೆ ಮಾತ್ರ. ಹುಲ್ಲು ನೀರಿನಲ್ಲೇ ಉಳಿದು ಮೀನು, ಸಿಗಡಿಗೆ ಆಹಾರ ಆಗುತ್ತದೆ. ಇದನ್ನೆಲ್ಲ ಅವ್ವಿ ಹೇಳುತ್ತಾ ಹೋದಳು, ಯಜಮಾನರು ಕೇಳುತ್ತಾ ಹೋದರು. ನೀರು ಒಳಗೆ ಬಿಡುವ, ತಡೆಯುವ ಜಂತ್ರಡಿಯ ಮಾತು ಬಂತು. ಹುಣ್ಣಿಮೆ, ಅಮಾವಾಸ್ಯೆಯ ಭರತಕ್ಕೆ ಅದರ ಹಲಗೆ ಯಾವಾಗ ಇಳಿಸಬೇಕು, ಯಾವಾಗ ಎತ್ತಬೇಕು ಅನ್ನುವುದು ಅವಳ ಅಪ್ಪನಿಗೆ ರಾತ್ರಿ ನಿದ್ದೆಗಣ್ಣಿನಲ್ಲೂ ಗೊತ್ತಿತ್ತಂತೆ.

ಅಂಥ ಒಂದು ಹಲಗೆ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದೆ. ಸೋದರಮಾವನ ಮನೆ ಭಾಗವಾದಾಗ ಬಂದದ್ದು, ಇಷ್ಟು ವರ್ಷ ಅದರ ಮೇಲೆ ಸೌದೆ ಒಟ್ಟಿದ್ದೆವು. ಭಾನುವಾರ ಕೆಳಗೆ ಇಳಿಸಿದೆ. ಅವ್ವಿ ಎರಡು ದಿನ ಬಿಸಿಲಿಗೆ ಹಾಕಿ, ಹುಳು ತಿಂದ ಕಡೆ ಎಣ್ಣೆ ಸವರಿದಳು. ಒಂದು ಬದಿಯಲ್ಲಿ ಹಗ್ಗ ಉಜ್ಜಿ ಆದ ಗೀರು ಬೆರಳು ಕೂರುವಷ್ಟು ಆಳ ಇದೆ. ರಟ್ಟನ್ನು ಮಗಳೇ ಬರೆದಳು, ಅಜ್ಜಿ ಹೇಳಿದ ಹಾಗೆ: ಜಂತ್ರಡಿ ಹಲಗೆ, ಅಘನಾಶಿನಿ ದಂಡೆ, ಕೆಳಗೆ ನನ್ನ ಅಜ್ಜನ ಹೆಸರು. ಬರುವ ಬುಧವಾರ ಏಳೂವರೆ ಬಸ್ಸಿಗೆ ನನ್ನದೇ ಡ್ಯೂಟಿ, ಲಗೇಜ್ ಟಿಕೆಟ್ ಹರಿದು ಅದನ್ನು ಆ ಸ್ಟಾಪಿನಲ್ಲಿ ಇಳಿಸಬೇಕು.